ಮೂರು ಜತೆ ಚಪ್ಪಲಿ, ಐವತ್ತು ಮಂದಿ ನಗು

ಕಸ್ತೂರೆಮ್ಮನವರು ತಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಎದುರಿನ ಬಾಡಿಗೆ ಕೋಣೆಯ ಬಾಗಿಲ ಮುಂದಿನ ಕಲ್ಲಿನ ಮೇಲಿದ್ದ ಚಪ್ಪಲಿ ಎಣಿಸಿದರು. ಮೂರು ಜತೆ. ಒಂದು ಟೈಪಿಂಗ್ ಮಾಸ್ತರ ವೆಂಕೋಬನದು, ಹಿಮ್ಮಡ ಸವೆದದ್ದು. ಒಂದು ಲಿಂಗಸುಗೂರಿನ ರೇಡಿಯೋ ಮೆಕ್ಯಾನಿಕ್ ಜಂಗ್ಲಿಸಾಬನದು, ಟೈರಿನ ಅಟ್ಟೆ ಹಾಕಿದ್ದು. ಮೂರನೆಯದು ನನ್ನದು, ಕಿತ್ತುಹೋದ ಪಟ್ಟಿಗೆ ಪಿನ್ನು ಚುಚ್ಚಿದ್ದೆ. ಅವರು ಎಣಿಸಿ ಮುಗಿಸುವಷ್ಟರಲ್ಲಿ ಮುಚ್ಚಿದ ಬಾಗಿಲ ಒಳಗಿಂದ ನಗು ಬಂತು. ಮೂರು ಮಂದಿಯ ನಗು ಅಲ್ಲ, ಐವತ್ತು ಮಂದಿಯದು. ಅದರಲ್ಲಿ ಅರ್ಧದಷ್ಟು ಹೆಂಗಸರದು.

ಎಂಬತ್ತೆಂಟನೆಯ ಇಸವಿಯ ಒಂದು ರವಿವಾರ ಮಧ್ಯಾಹ್ನ ಸಿಂಧನೂರಿನಲ್ಲಿ ನಡೆದ ಸಂಗತಿ ಇಷ್ಟೇ. ಆದರೆ ಮುಂದಿನ ಎಂಟು ದಿನದಲ್ಲಿ ಅದು ವೆಂಕೋಬನ ಅನ್ನದ ತನಕ ಬಂತು. ಅವನ ಅನ್ನ ಎಂದರೆ ಆ ಕೋಣೆ. ಕೋಣೆಯಲ್ಲಿ ಏಳು ಟೈಪ್‌ರೈಟರು, ಹದಿನೆಂಟು ಮಂದಿ ವಿದ್ಯಾರ್ಥಿಗಳು, ಅವರಲ್ಲಿ ಹನ್ನೊಂದು ಮಂದಿ ಹುಡುಗಿಯರು. ಕೋಣೆ ಕಸ್ತೂರೆಮ್ಮನವರದು.

ವೆಂಕೋಬ ಹುಟ್ಟಿದ್ದು ಹೊಳೆದಂಡೆಯ ಮುಕ್ಕುಂದದಲ್ಲಿ. ಅವನ ಅಪ್ಪ ಅಲ್ಲಿನ ಗುಡಿಯಲ್ಲಿ ಶ್ರಾವಣ ಪೂರ್ತಿ ಪುರಾಣಕ್ಕೆ ಅರ್ಥ ಹೇಳುತ್ತಿದ್ದರು. ನಮ್ಮ ಕಡೆ ಪುರಾಣಕ್ಕೆ ಇಬ್ಬರು ಬೇಕು. ಒಬ್ಬ ಪದ್ಯ ಓದುತ್ತಾನೆ, ನಿಲ್ಲಿಸುತ್ತಾನೆ. ಇನ್ನೊಬ್ಬ ಅರ್ಥ ಹೇಳುತ್ತಾನೆ. ಓದುವವನಿಗೆ ದನಿ ಇದ್ದರೆ ಸಾಕು, ಅರ್ಥ ಹೇಳುವವನಿಗೆ ಧೈರ್ಯ ಬೇಕು. ವೆಂಕೋಬನ ಅಪ್ಪನಿಗೆ ಧೈರ್ಯದ ಜೊತೆಗೆ ಒಂದು ಕೆಮ್ಮೂ ಇತ್ತು. ಗೊತ್ತಿಲ್ಲದ ಪದ ಬಂದಾಗ ಒಮ್ಮೆ ಕೆಮ್ಮಿ, ಶಲ್ಯ ಸರಿಮಾಡಿಕೊಂಡು, ಅರ್ಥವನ್ನು ಆಚೆ ದಡಕ್ಕೆ ದಾಟಿಸಿಬಿಡುತ್ತಿದ್ದರು. "ಇವತ್ತು ಆಚಾರ್ರಿಗೆ ಕೆಮ್ಮು ಭಾಳ ಆಗೈತಿ" ಎಂದು ಊರ ಮಂದಿ ಅಂದರೆ ಅವತ್ತಿನ ಅಧ್ಯಾಯ ಕಠಿಣ ಎಂದು ತಿಳಿಯಬೇಕು.

ಮಗ ಪುರಾಣ ಬಿಟ್ಟು ಹೈದರಾಬಾದಿಗೆ ಹೋಗಿ ಟೈಪಿಂಗ್ ಕಲಿತ. ಅರ್ಜಿ, ನೋಟೀಸು, ಜ್ಞಾಪನಪತ್ರ, ಅಪೀಲು ಎಲ್ಲವನ್ನೂ ಇಂಗ್ಲಿಷಿನಲ್ಲಿ ನಿಮಿಷಕ್ಕೆ ಐವತ್ತು ಪದದಂತೆ ಬಡಿಯುತ್ತಿದ್ದ. "ಬಡಿಯೋದು ತಿಳೀತದೇನೋ ವೆಂಕೋಬ?" ಎಂದು ನಾನು ಒಮ್ಮೆ ಕೇಳಿದ್ದೆ.

"ತಿಳಕೊಳ್ಳಾಕ ಹೋದ್ರ ಐವತ್ತು ಇದ್ದದ್ದು ಮೂವತ್ತಕ್ಕ ಇಳೀತದ ಸರ್. ಅದಕ ತಿಳಕೊಳ್ಳೋದು ಬಿಟ್ಟೆ" ಎಂದಿದ್ದ.

ಆದರೆ ಕೆಮ್ಮು ಮಾತ್ರ ಅಪ್ಪನಿಂದ ಬಂದಿತ್ತು. ಅದು ಮುಂದೆ ಉಪಯೋಗಕ್ಕೆ ಬಿತ್ತು.

ಹಟ್ಟಿಯ ಬಂಗಾರದ ಗಣಿ ಕಡೆ ಇದ್ದ ಒಬ್ಬ ಇಂಜಿನಿಯರ್ ಸಾಹೇಬರು ಊರು ಬಿಟ್ಟು ಹೋಗುವಾಗ, ಕೆಟ್ಟುನಿಂತ ಒಂದು ವಿಸಿಆರನ್ನೂ ಹನ್ನೊಂದು ಕ್ಯಾಸೆಟ್ಟುಗಳನ್ನೂ ಜಂಗ್ಲಿಸಾಬನ ಅಂಗಡಿಯಲ್ಲಿ ಬಿಟ್ಟು ಹೋದರು. ಅವರ ಮಗ ಲಂಡನ್ನಿನಿಂದ ಕಳಿಸಿದ್ದ ನಗೆನಾಟಕದ ಧಾರಾವಾಹಿಗಳು ಅವು. ಜಂಗ್ಲಿಸಾಬ ವಿಸಿಆರು ರಿಪೇರಿ ಮಾಡಿದ. ಅವನ ಹತ್ತಿರ ಟಿವಿ ಇರಲಿಲ್ಲ. ವೆಂಕೋಬನ ಹತ್ತಿರ ಒಂದು ಸಣ್ಣ ಕಪ್ಪು-ಬಿಳುಪಿನದು ಇತ್ತು. ಜಂಗ್ಲಿಸಾಬ ಟೈಪ್ ಮಾಡಿಸಲು ತಂದ ಅರ್ಜಿಯೊಂದರ ಕಾಲಕ್ಕೆ ಇಬ್ಬರೂ ಗೆಳೆಯರಾದವರು. ಹೀಗಾಗಿ ವಿಸಿಆರು ಸಿಂಧನೂರಿಗೆ ಬಂತು, ಕ್ಯಾಸೆಟ್ಟುಗಳು ಪಾಲಾದವು: ಐದು ಇಲ್ಲಿ, ಆರು ಅಲ್ಲಿ. ಜಂಗ್ಲಿಸಾಬನಿಗೆ ನೋಡಲು ಮಷೀನು ಎಲ್ಲಿತ್ತು ಎಂದು ಕೇಳಬೇಡಿ. ಲಿಂಗಸುಗೂರಿನ ಸಾಹುಕಾರರ ವಿಸಿಆರುಗಳು ರಿಪೇರಿಗೆ ಬಂದರೆ ಅವನ ಅಂಗಡಿಯಲ್ಲಿ ಎಂಟೆಂಟು ದಿನ ಕೂತುಬಿಡುತ್ತಿದ್ದವು. "ಟೆಸ್ಟಿಂಗಿಗೆ ಹಚ್ಚೀನ್ರಿ" ಎನ್ನುತ್ತಿದ್ದ. ಸಾಹುಕಾರರಿಗೆ ಅವನ ಮೇಲೆ ಅನುಮಾನವಿತ್ತು. ಆದರೆ ತಾಲೂಕಿನಲ್ಲಿ ವಿಸಿಆರಿನ ಹೊಟ್ಟೆ ಬಿಚ್ಚಿ ಮತ್ತೆ ಮುಚ್ಚಬಲ್ಲವನು ಅವನೊಬ್ಬನೇ.

ಪಾಲಾದ ಕ್ಯಾಸೆಟ್ಟುಗಳನ್ನು ಹದಿನೈದು ದಿನಕ್ಕೊಮ್ಮೆ ಬದಲಾಯಿಸಬೇಕಲ್ಲ. ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ ಮಸ್ಕಿ. ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು ಅಮೀನ್‌ಸಾಬನ ಹೋಟೆಲು. ಜಂಗ್ಲಿಸಾಬ ಆ ಕಡೆಯ ಬಸ್ಸಿಗೆ, ನಾವಿಬ್ಬರು ಈ ಕಡೆಯ ಬಸ್ಸಿಗೆ ಬಂದು, ಒಗ್ಗಾಣಿ-ಮಿರ್ಚಿ ತಿನ್ನುತ್ತ, ಪೇಪರಿನಲ್ಲಿ ಸುತ್ತಿದ ಗಂಟುಗಳನ್ನು ಮೇಜಿನ ಕೆಳಗಿಂದ ಕೈಬದಲು ಮಾಡುತ್ತಿದ್ದೆವು. ಮೇಜಿನ ಕೆಳಗಿಂದ ಯಾಕೆಂದರೆ, ಮೇಲೆ ಮಿರ್ಚಿಯ ಎಣ್ಣೆ. ಆದರೆ ಅಮೀನ್‌ಸಾಬ ಇದನ್ನು ನಂಬಬೇಕಲ್ಲ. ಮೂರನೆಯ ಸಲಕ್ಕೆ ಅವನು ಚಾ ಇಡುವಾಗ ಬಗ್ಗಿ, "ಸಾಬ್, ಹಟ್ಟೀ ಮಾಲೇನ್ರಿ? ನನಗೂ ಒಂದು ತೊಲಿ ನೋಡ್ರಲ್ಲ" ಎಂದ. ಬಂಗಾರ ಅಲ್ಲಪ್ಪಾ, ನಗೆನಾಟಕ ಎಂದೆವು. ಅವನು ಕಣ್ಣು ಮಿಟುಕಿಸಿ, "ಆತು ಬಿಡ್ರಿ, ನಾನೇನು ಕೇಳಿಲ್ಲ" ಎಂದು ಹೋದ. ಅವತ್ತಿನಿಂದ ನಮಗೆ ಮಿರ್ಚಿ ಒಂದೊಂದು ಹೆಚ್ಚು ಬರತೊಡಗಿತು.

ಈ "ನಾವು"ವಿನಲ್ಲಿ ನಾನು ಹೇಗೆ ಬಂದೆ ಎಂದು ಹೇಳಿಬಿಡುತ್ತೇನೆ. ನಾನು ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಎಂ.ಎ. ಅದೂ ಇಂಗ್ಲಿಷಿನಲ್ಲಿ. ಒಬ್ಬ ತಿಳಿದವರು ಇರಲಿ ಎಂದು ಅವರಿಬ್ಬರೂ ನನ್ನನ್ನು ಕರೆದರು. ಇಂಗ್ಲಿಷರು ಇಂಗ್ಲಿಷ್ ಮಾತಾಡಿದರೆ ನನಗೆ ತಿಳಿಯುವುದಿಲ್ಲ ಎಂಬುದು ನನಗೆ ತಿಳಿದದ್ದೇ ಆ ಕ್ಯಾಸೆಟ್ಟುಗಳಿಂದ. ಅವರ ಮಾತು ಬಾಯಿಯಿಂದ ಬರುತ್ತಿರಲಿಲ್ಲ, ಮೂಗಿನ ಹಿಂದೆ ಎಲ್ಲೋ ಸೀದುಹೋಗಿ ಬರುತ್ತಿತ್ತು. ನಾನು ಒಂದು ಉಪಾಯ ಕಂಡುಕೊಂಡೆ. ಟಿವಿ ಡಬ್ಬಿಯೊಳಗೆ, ಚಿತ್ರದಲ್ಲಿ ಕಾಣದೆ ದನಿ ಮಾತ್ರ ಕೇಳಿಸುವ ಮಂದಿ ನಕ್ಕ ಕೂಡಲೇ ನಾನೂ ನಗುವುದು. ಅರ್ಧ ಗಳಿಗೆ ತಡ ಆದರೂ ವಿಚಾರ ಮಾಡಿ ನಕ್ಕಂತೆ ಕಾಣುತ್ತದೆ.

ವೆಂಕೋಬನಿಗೆ ಅಷ್ಟೂ ನಾಚಿಕೆ ಇರಲಿಲ್ಲ. ಅವನು ಗುಂಡಿ ಒತ್ತಿ ಚಿತ್ರ ನಿಲ್ಲಿಸಿ, ಅಪ್ಪನ ಹಾಗೆ ಅರ್ಥ ಹೇಳುತ್ತಿದ್ದ. ಕ್ಯಾಸೆಟ್ಟಿನ ಮೇಲಿನ ಹೆಸರು ಅಳಿಸಿಹೋಗಿತ್ತಾದ್ದರಿಂದ ಹೆಸರೂ ನಮ್ಮವೇ. ಅವನಿಗೆ ಪ್ರಾಣವಾದದ್ದು "ಬಾಡಿಗಿ ಮನಿ". ಅದರಲ್ಲಿ ಒಬ್ಬ ಮನೆಯೊಡತಿ. ಸೊಂಟಕ್ಕೆ ಕೀಲಿಗೊಂಚಲು, ಕೈಯಲ್ಲಿ ಸಕ್ಕರೆ ಡಬ್ಬಿ. ಬಾಡಿಗೆಗೆ ಇರುವವರು ಚಾಗೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಾರೆ ಎಂದು ಮೆಟ್ಟಿಲ ಮೇಲೆ ನಿಂತು ಕಾಯುವವಳು. ಜಂಗ್ಲಿಸಾಬನಿಗೆ ಪ್ರಾಣವಾದದ್ದು "ಸ್ಟೇಷನ್". ಅದು ಯಾವ ರೈಲೂ ನಿಲ್ಲದ ಒಂದು ರೈಲ್ವೆ ಸ್ಟೇಷನ್ನಿನ ಕಥೆ. ಮಸ್ಕಿಯ ಮೇಜಿನ ಮೇಲೆ ಈ ಎರಡರ ಜಗಳ ಎಂದೂ ಮುಗಿಯುತ್ತಿರಲಿಲ್ಲ.

"ನಿಮ್ಮ ಬಾಡಿಗಿ ಮನ್ಯಾಗ ಏನೈತ್ರಿ ಸಾಬ್?" ಎನ್ನುತ್ತಿದ್ದ ಜಂಗ್ಲಿಸಾಬ. "ಸಕ್ಕರಿ ಡಬ್ಬಿ, ಕೀಲಿ, ಮತ್ತ ಸಕ್ಕರಿ ಡಬ್ಬಿ. ನಮ್ಮ ಸ್ಟೇಷನ್ ನೋಡ್ರಿ. ಎರಡು ಕ್ಯಾಸೆಟ್ ಮುಗದ್ವು, ಒಂದ ಒಂದು ರೈಲು ನಿಂತಿಲ್ಲ!"

"ನಿಲ್ಲದ ರೈಲು ನೋಡಾಕ ಲಂಡನ್ ಯಾಕೋ ಬೇಕು?" ಎನ್ನುತ್ತಿದ್ದ ವೆಂಕೋಬ. "ಸಿಂಧನೂರಿಗೆ ಬಾ. ನಿಲ್ಲೋದು ಇರ್ಲಿ, ಬರೋದ ಇಲ್ಲ."

"ಅದ ನೋಡ್ರಿ ಮಜಾ. ಅವರಿಗೆ ಸ್ಟೇಷನ್ ಐತಿ, ರೈಲು ನಿಂದ್ರಂಗಿಲ್ಲ. ನಮಗ ಸ್ಟೇಷನ್ನೂ ಇಲ್ಲ. ಆದ್ರೂ ಅವರನ್ನ ನೋಡಿ ನಗೋರು ನಾವು!"

ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅನುಮಾನ ಇದ್ದೇ ಇತ್ತು. ಚಲೋ ಕ್ಯಾಸೆಟ್ಟು ಅವನು ಮುಚ್ಚಿಟ್ಟುಕೊಂಡಿದ್ದಾನೆ ಎಂದು ಇವನಿಗೆ, ಇವನು ಸರಿಯಾಗಿ ಹಿಂದಕ್ಕೆ ಸುತ್ತದೇ ಕಳಿಸುತ್ತಾನೆ ಎಂದು ಅವನಿಗೆ. ನನಗೆ ಇಬ್ಬರ ಮೇಲೂ ಅನುಮಾನ. ಒಂದು ಸಲ ಬಾಡಿಗಿ ಮನಿಯ ಒಂದು ಪ್ರಸಂಗದ ಮಾತು ಬಂತು. ಟೋಪಿ ಹಾಕಿದ ಬಡಕಲು ಬಾಡಿಗೆದಾರ ಮನೆಯೊಡತಿಗೆ ಛತ್ರಿ ಕೊಡುತ್ತಾನೆ. ಆಕೆ ಅವನನ್ನೇ ದಿಟ್ಟಿಸುತ್ತಾಳೆ. ಅದು ಬಾಡಿಗೆ ಬಾಕಿಯ ನೋಟೀಸು ಎಂದು ವೆಂಕೋಬ ಹೇಳಿದ. ಅಲ್ಲ, ಮೊಹಬ್ಬತ್ ಎಂದು ಜಂಗ್ಲಿಸಾಬ ಹೇಳಿದ. ವೆಂಕೋಬ ಜೀವನಪೂರ್ತಿ ನೋಟೀಸು ಬಡಿದವನು, ಜಂಗ್ಲಿಸಾಬ ಜೀವನಪೂರ್ತಿ ರೇಡಿಯೋದಲ್ಲಿ ಗಜಲು ಕೇಳಿದವನು. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಮಿರ್ಚಿ ಕಡಿದು, ಖಾರ ಹತ್ತಿದಂತೆ ಮಾಡಿ, ನೀರಿಗೆ ಕೈಚಾಚಿದೆ. ಆ ಖಾರದ ಮೇಲೆ ನಮ್ಮ ಗೆಳೆತನ ಎಂಟು ತಿಂಗಳು ನಡೆಯಿತು.

ಈಗ ಕಸ್ತೂರೆಮ್ಮನವರಿಗೆ ಬರೋಣ.

ಅವರು ಅನುಮಾನವನ್ನು ಮನೆತನದ ಆಸ್ತಿಯಂತೆ ಕಾಪಾಡಿಕೊಂಡು ಬಂದವರು. ಎಣ್ಣೆ ಶೀಶೆಗೆ ಹೊರಗಿಂದ ಮಸಿಯ ಗೆರೆ ಎಳೆದಿಡುವರು. ಹಾಲಿನವನು ಹೋದ ಮೇಲೆ ಹಾಲಿಗೆ ಬೆರಳು ಅದ್ದಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುವರು. ಸೊಂಟಕ್ಕೆ ಕೀಲಿಗೊಂಚಲು, ಐದು ನಿಮಿಷಕ್ಕೊಮ್ಮೆ ಅದನ್ನು ಮುಟ್ಟಿ ನೋಡಿಕೊಳ್ಳುವರು. ಗಂಡ ತೀರಿಕೊಂಡ ಮೇಲೆ ಮೂರು ಬಾಡಿಗೆ ಕೋಣೆಗಳನ್ನು ಒಬ್ಬರೇ ನಡೆಸಿದ ಹೆಂಗಸು. ಅನುಮಾನ ಇಲ್ಲದಿದ್ದರೆ ಕೋಣೆಗಳೂ ಇರುತ್ತಿರಲಿಲ್ಲ.

ಜಂಗ್ಲಿಸಾಬನೂ ನೋಡಲು ಬಂದಿದ್ದ ಆ ರವಿವಾರ ಅವರು ಬಂದು ಬಾಗಿಲು ಬಡಿದರು. ವೆಂಕೋಬ ತೆರೆದ.

"ಟೈಪಿನ ಮಾಸ್ತರ, ಒಳಗ ಎಷ್ಟು ಮಂದಿ ಅದೀರಿ?"

"ಮೂವರು ಅಮ್ಮಾ."

"ನಕ್ಕೋರು ಎಷ್ಟು ಮಂದಿ?"

"ಅವರು... ಅವರು ಲಂಡನ್ನಾಗ ಅದಾರ."

"ಲಂಡನ್ನಾಗ ನಕ್ರ ನನ್ನ ಅಡಗಿಮನಿಗೆ ಕೇಳಸ್ತೈತೇನು?"

ಒಳಗೆ ಬಂದರು. ಟೈಪ್‌ರೈಟರುಗಳ ಹಿಂದೆ ನೋಡಿದರು. ಬೆಂಚಿನ ಕೆಳಗೆ ಬಗ್ಗಿದರು. ಸ್ಟೆನ್ಸಿಲ್ ಕಾಗದದ ಕಪಾಟು ತೆಗೆಸಿದರು. ಯಾರೂ ಸಿಗಲಿಲ್ಲ. ಯಾರಾದರೂ ಸಿಕ್ಕಿದ್ದರೆ ಅವರ ಅನುಮಾನ ಅಲ್ಲಿಗೇ ತೀರುತ್ತಿತ್ತೋ ಏನೋ. ಸಿಗದ್ದರಿಂದ ಎರಡುಪಟ್ಟಾಯಿತು. "ಹಿತ್ತಲ ಬಾಗಲ ಇಲ್ಲ. ಮತ್ತ ಹೆಣ್ಮಕ್ಕಳು ಎಲ್ಲಿಂದ ಹೋದ್ರು?" ಎಂದು ತಮಗೆ ತಾವೇ ಕೇಳಿಕೊಂಡರು. ಆಮೇಲೆ ನನ್ನ ಕಡೆ ನೋಡಿ, "ನೀವೂ ಬರ್ತೀರೇನು ಇಂಗ್ಲಿಷ್ ಮಾಸ್ತರ?" ಎಂದರು. ಆ "ನೀವೂ" ಎಂಬುದರ ತೂಕ ನನಗೆ ಇವತ್ತಿಗೂ ಇಳಿದಿಲ್ಲ.

"ಬಾಗಲ ಯಾಕ ಹಾಕ್ಕೋತೀರಿ?"

"ಬಾಜೂಕ ರೈಸ್‌ಮಿಲ್ಲು ಅದ ಅಲ್ಲಮ್ಮಾ" ಎಂದ ವೆಂಕೋಬ. "ತೌಡಿನ ಧೂಳು ಮಷೀನಿಗೆ ಹೊಕ್ರ ಚಿತ್ರ ಹಾಳಾಗ್ತದ."

"ವಾರ ಪೂರ್ತಿ ಹುಡಿಗ್ಯಾರು ಬಂದಾಗ ಬಾಗಲ ತೆರದ ಇರ್ತೈತಿ. ಅವಾಗ ಧೂಳಿಲ್ಲ. ಐತಾರಷ್ಟ ಧೂಳು?"

ಟೈಪ್‌ರೈಟರಿಗೆ ಧೂಳು ಹೊಕ್ಕರೆ ಬ್ರಷ್ಷಿನಿಂದ ಹೊಡೆಯಬಹುದು, ವಿಸಿಆರಿನ ಕಣ್ಣಿಗೆ, ಅಂದರೆ ಟೇಪು ಓದುವ ಹೆಡ್ಡಿಗೆ, ಹೊಕ್ಕರೆ ತೆಗೆಯುವುದು ಕಷ್ಟ ಎಂದು ಜಂಗ್ಲಿಸಾಬ ವಿವರಿಸಲು ಹೋದ. ಅವನು ವಿವರಿಸಿದಷ್ಟೂ ಅದು ಸುಳ್ಳಿನಂತೆ ಕೇಳಿಸಿತು. ನನಗೂ.

ಆ ವರ್ಷಗಳಲ್ಲಿ ನಮ್ಮ ಮಂದಿಗೆ ವಿಡಿಯೋ ಎಂದರೆ ಎರಡೇ ಜಾತಿ. ಓಣಿಯ ಮಂದಿಯೆಲ್ಲ ಚಾಪೆ ಹಾಸಿ ನೋಡುವ ದೇವರದು ಒಂದು, ಬಾಗಿಲು ಹಾಕಿಕೊಂಡು ನೋಡುವಂಥದು ಇನ್ನೊಂದು. ಅದೂ ಇಂಗ್ಲಿಷಿನದು ಎಂದರೆ ಮೂರನೆಯ ಜಾತಿಗೆ ಜಾಗವೇ ಇರಲಿಲ್ಲ. ಸೋಮವಾರ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಬುಧವಾರ ಸಾಲಗುಂದದ ಆದೆಪ್ಪ ಬಂದ. ಗದ್ದೆಯ ಮನುಷ್ಯ, ಜೋರು ಮಾತಿನವನಲ್ಲ. ಮಗಳು ಕೂತ ಮಷೀನಿನ ಹತ್ತಿರ ಹೋಗಿ, "ಏಳವ್ವಾ, ಮನ್ಯಾಗ ಕೆಲಸ ಐತಿ" ಎಂದ.

"ಪರೀಕ್ಷಿ ಒಂದ ತಿಂಗಳದ ಆದೆಪ್ಪಾ. ನಿಮ್ಮ ಮಗಳು ಫಸ್ಟ್ ಕ್ಲಾಸ್ ಬರ್ತಾಳ" ಎಂದ ವೆಂಕೋಬ.

"ಬರ್ಲಿ ಬಿಡ್ರಿ ಮಾಸ್ತರ" ಎಂದ ಆದೆಪ್ಪ. ಅವನ ಮುಖ ನೋಡಲಿಲ್ಲ. ಗುರುವಾರ ಇನ್ನಿಬ್ಬರು ಬರಲಿಲ್ಲ. ಶುಕ್ರವಾರ ಕಸ್ತೂರೆಮ್ಮನವರು ಬಾಗಿಲಲ್ಲಿ ನಿಂತು ತೀರ್ಪು ಹೇಳಿದರು: "ಬರೋ ಐತಾರ ಬಾಗಲ ತೆರದು, ನಾಕು ಮಂದಿ ಮುಂದ ಅದನ್ನ ಹಾಕಿ ತೋರಸು. ಚಂದ ಇದ್ರ ಚಂದ. ಇಲ್ಲಂದ್ರ ಸೋಮವಾರ ಕೋಣಿ ಖಾಲಿ ಮಾಡು."

ಆ ಸಂಜೆ ನಾನು ವೆಂಕೋಬನ ಮನೆಗೆ ಹೋದೆ. ಅವನ ಹೆಂಡತಿ ಪಾರ್ವತೆಮ್ಮ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಅಂದರು, "ಅಷ್ಟು ನಗೋದಿದ್ರ ಮನ್ಯಾಗ ನಗಬಾರದಾಗಿತ್ತೇನು? ಮದುವ್ಯಾಗಿ ಹದಿನಾಲ್ಕು ವರ್ಷ ಆತು, ನಮ್ಮ ಮುಂದ ಹಲ್ಲು ತೆರದಿಲ್ಲ." ಊರಲ್ಲಿ ಬೇರೆ ಯಾರೂ ಅವನಿಗೆ ಕೋಣೆ ಕೊಡುವಂತಿರಲಿಲ್ಲ. ಕಸ್ತೂರೆಮ್ಮನವರು ಖಾಲಿ ಮಾಡಿಸಿದ್ದಾರೆ ಎಂದರೆ ಅದೇ ಒಂದು ಸರ್ಟಿಫಿಕೇಟು.

ರವಿವಾರ ಬಂತು. ಬೆಂಚುಗಳ ಮೇಲೆ ಆದೆಪ್ಪ ಮತ್ತು ಹುಡುಗಿಯರ ತಂದೆತಾಯಿ ಏಳೆಂಟು ಮಂದಿ. ಎದುರಿನ ಒಂದೇ ಕುರ್ಚಿಯಲ್ಲಿ ಕಸ್ತೂರೆಮ್ಮನವರು. ಬಾಗಿಲು ಅಗಲ ತೆರೆದಿತ್ತು. ಬಿಸಿಲಿನ ಕೋಲಿನಲ್ಲಿ ತೌಡಿನ ಧೂಳು ಕುಣಿಯುತ್ತ ಒಳಗೆ ಬರುತ್ತಿತ್ತು. ಜಂಗ್ಲಿಸಾಬ ಮೊದಲ ಬಸ್ಸಿಗೇ ಲಿಂಗಸುಗೂರಿನಿಂದ ಬಂದು, ಗೆಳೆಯನ ಮಾನ ಉಳಿಸಲು ಹೊಸ ಪೈಜಾಮ ಹಾಕಿಕೊಂಡು ಕೂತಿದ್ದ.

"ಸ್ಟೇಷನ್ ಹಾಕ್ರಿ ಸಾಬ್" ಎಂದು ಪಿಸುಗುಟ್ಟಿದ. "ಅದರಾಗ ಹೆಣ್ಮಕ್ಕಳ ಇಲ್ಲ."

"ಚಲೋದು ಹಾಕೋಣು" ಎಂದ ವೆಂಕೋಬ. ಪ್ರಾಣಕ್ಕೆ ಬಂದಾಗಲೂ ಅವನು ಬಾಡಿಗಿ ಮನಿ ಬಿಟ್ಟುಕೊಡಲಿಲ್ಲ. ಗುಂಡಿ ಒತ್ತಿದ.

ಚಿತ್ರ ಮೂಡಿತು. ಮೆಟ್ಟಿಲು. ಮೆಟ್ಟಿಲ ಮೇಲೆ ಮನೆಯೊಡತಿ. ಆಕೆ ಸೊಂಟದ ಕೀಲಿಗೊಂಚಲು ಮುಟ್ಟಿ ನೋಡಿಕೊಂಡಳು. ಅದೇ ಗಳಿಗೆಗೆ ನನ್ನ ಪಕ್ಕದ ಕುರ್ಚಿಯಲ್ಲಿ ಕಸ್ತೂರೆಮ್ಮನವರು ಸೊಂಟದ ಕೀಲಿಗೊಂಚಲು ಮುಟ್ಟಿ ನೋಡಿಕೊಂಡರು. ಎಂಟು ತಿಂಗಳು ಇದನ್ನು ನೋಡಿದ್ದೆ. ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ವೆಂಕೋಬ ಚಿತ್ರ ನಿಲ್ಲಿಸಿ, ಅಪ್ಪನಂತೆ ಶಲ್ಯ ಸರಿಮಾಡಿಕೊಂಡು ಅರ್ಥ ಹೇಳಿದ: "ಈಗ ಆಕಿ ಏನಂತಾಳಂದ್ರ, ಬಾಡಿಗಿಯನ್ನ ತಿಂಗಳ ಐದನೇ ತಾರೀಖಿನೊಳಗ ಸಂದಾಯ ಮಾಡತಕ್ಕದ್ದು. ತಪ್ಪಿದಲ್ಲಿ ಯಾವದೇ ಮುನ್ಸೂಚನೆ ಇಲ್ಲದ ಮುಂದಿನ ಕ್ರಮ ಜರುಗಿಸಲಾಗುವದು."

ಆದೆಪ್ಪ ತಲೆದೂಗಿದ. ಕೋರ್ಟಿನಂತೆ ಕೇಳಿಸಿತು, ಕೋರ್ಟಿನಲ್ಲಿ ಹೊಲಸು ಇರುವುದಿಲ್ಲ. ಕಸ್ತೂರೆಮ್ಮನವರೂ, "ಖರೇ ಮಾತು ಅಂದಾಳ" ಎಂದರು. ಇನ್ನೈದು ನಿಮಿಷ ಹೀಗೇ ಹೋಗಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಅಷ್ಟರಲ್ಲಿ ಟೋಪಿಯವನು ಬಂದು ಛತ್ರಿ ಕೊಟ್ಟ. ವೆಂಕೋಬ ಬಾಕಿಯ ನೋಟೀಸು ಶುರು ಮಾಡಿದ. ಜಂಗ್ಲಿಸಾಬನಿಗೆ ತಡೆಯಲಿಲ್ಲ. ಅಭಿಮಾನಿಯ ಹಣೆಬರಹವೇ ಅಷ್ಟು. ಗೆಳೆಯನ ಕೋಣೆ ಹೋದರೂ ಸರಿ, ಅರ್ಥ ತಪ್ಪಬಾರದು.

"ನಕೋ ಸಾಬ್! ಇದು ಬಾಕಿ ಮಾತಲ್ಲ. ಆಕಿಗೆ ಟೋಪಿಯವನ ಮ್ಯಾಲ ದಿಲ್ ಐತಿ!"

ಡಬ್ಬಿಯೊಳಗಿನ ಐವತ್ತು ಮಂದಿಯನ್ನೂ ವೆಂಕೋಬ ನಿಲ್ಲಿಸಿದ್ದನಾದ್ದರಿಂದ ನಗಲು ಯಾರೂ ಇರಲಿಲ್ಲ.

"ಒಂದ ಚಿತ್ರಕ್ಕ ಇಬ್ಬರು ಎರಡು ಅರ್ಥ ಹೇಳ್ತೀರಿ" ಎಂದ ಆದೆಪ್ಪ ಮೆಲ್ಲಗೆ. "ಅಂದ್ರ ಖರೇ ಅರ್ಥ ಬ್ಯಾರೇನೋ ಐತಿ. ಅದನ್ನ ನಮ್ಮ ಮುಂದ ಹೇಳಾಕ ಬರಂಗಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. "ಇಂಗ್ಲಿಷ್ ಮಾಸ್ತರ, ನೀವು ಎಮ್ಮೆ ಮಾಡೀರಲ್ಲ" ಎಂದರು ಕಸ್ತೂರೆಮ್ಮನವರು, ಎಂ.ಎ. ಎಂಬುದನ್ನು ನಮ್ಮ ಓಣಿಯಲ್ಲಿ ಹಾಗೇ ಅನ್ನುವುದು. "ಯಾರ ಅರ್ಥ ಖರೇ?"

ಮಿರ್ಚಿ ಇರಲಿಲ್ಲ. ನೀರೂ ಇರಲಿಲ್ಲ. "ಇಬ್ಬರದೂ... ಸ್ವಲ್ಪ ಸ್ವಲ್ಪ" ಎಂದೆ.

"ಹಂಗಂದ್ರ ಇವರಿಗೂ ತಿಳಿದಿಲ್ಲ" ಎಂದು ಕಸ್ತೂರೆಮ್ಮನವರು ನನ್ನನ್ನು ಒಂದೇ ಮಾತಿಗೆ ಮುಗಿಸಿ, ವೆಂಕೋಬನ ಕಡೆ ತಿರುಗಿದರು. ಕೈ ಕೀಲಿಗೊಂಚಲ ಮೇಲೆ ಇತ್ತು. "ಟೈಪಿನ ಮಾಸ್ತರ, ಖರೇ ಹೇಳು. ನೀವು ಮೂವರು ಬಾಗಲ ಹಾಕ್ಕೊಂಡು ಇಷ್ಟು ದಿನ ನನ್ನ ನೋಡಿ ನಗಾಕತ್ತಿದ್ರೇನು?"

ವೆಂಕೋಬ ಕೆಮ್ಮಿದ. ನಾನು ಕೇಳಿದ ಅವನ ಕೆಮ್ಮುಗಳಲ್ಲೇ ಅದು ಉದ್ದವಾದದ್ದು. ಆದರೆ ಈ ಸಲ ಕೆಮ್ಮಿ ಮುಂದಕ್ಕೆ ದಾಟಲಿಲ್ಲ, ಅಲ್ಲೇ ನಿಂತ.

"ಅಮ್ಮಾ, ಆಕಿ ಏನಂತಾಳ ನನಗ ತಿಳಿಯಂಗಿಲ್ಲ. ಮೊದಲಿಂದನೂ ತಿಳದಿಲ್ಲ. ನಾ ಹೇಳಿದ್ದೆಲ್ಲಾ ಟೈಪ್ ಮಾಡಿದ ಕಾಗದದಾಗಿನ ಮಾತು. ಆದ್ರ ಆಕಿ ಹಂಗ ಕೀಲಿ ಮುಟ್ಟಿ ನೋಡ್ಕೊಳ್ಳೋದು ನೋಡಿದ್ನಲ್ಲ, ಅವಾಗ ನಮ್ಮ ಓಣ್ಯಾಗಿನ ಮನಿ ಅನಸ್ತು. ನಕ್ಕೀನಿ, ಸುಳ್ಳು ಹೇಳಂಗಿಲ್ಲ. ಖರೇ ಅಂದ್ರ ಮನ್ಯಾಗೂ ಅಷ್ಟು ನಕ್ಕಿಲ್ಲ."

ಸೋಮವಾರ ಕೋಣೆ ಖಾಲಿ ಎಂದು ನಾನು ಮನಸ್ಸಿನಲ್ಲೇ ಟೈಪ್‌ರೈಟರುಗಳನ್ನು ಬಂಡಿಗೆ ಹೇರತೊಡಗಿದೆ. ಕಸ್ತೂರೆಮ್ಮನವರು ಕರಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಅವರು ಹಾಲಿಗೆ ಬೆರಳು ಅದ್ದುವ ಮುಖ ಮಾಡಿದರು.

"ಅದನ್ನ ಹಿಂದಕ ತಿರುವು."

ವೆಂಕೋಬ ತಿರುವಿದ. ಮನೆಯೊಡತಿ ಮತ್ತೆ ಮೆಟ್ಟಿಲ ಮೇಲೆ ಬಂದಳು. ಐವತ್ತು ಮಂದಿ ನಕ್ಕರು. ಕಸ್ತೂರೆಮ್ಮನವರು ಬೆರಳು ಮಡಚಿದರು. "ಮತ್ತ ತಿರುವು." ಮತ್ತೆ ನಕ್ಕರು. "ಇನ್ನೊಮ್ಮಿ." ಮೂರನೆಯ ಸಲ ನಗು ಬರುವ ಮೊದಲೇ ಅವರು ಕೈ ಎತ್ತಿದರು, ಕೈ ಎತ್ತಿದ ಗಳಿಗೆಗೇ ಸರಿಯಾಗಿ ನಗು ಬಂತು. ಕೊನೆಗೆ ಒಬ್ಬ ಹೆಂಗಸು ಎಲ್ಲರೂ ಮುಗಿಸಿದ ಮೇಲೆ ಹ್ಹಿ ಎನ್ನುವುದೂ ಮೂರು ಸಲವೂ ಹಾಗೇ ಬಂತು.

"ಜೀವ ಇದ್ದ ಮಂದಿ ಒಂದ ಮಾತಿಗೆ ಮೂರು ಸಲ ಒಂದ ಸವನ ನಗಂಗಿಲ್ಲ" ಎಂದರು ಕಸ್ತೂರೆಮ್ಮನವರು ಬೆಂಚಿನ ಕಡೆ ತಿರುಗಿ. "ಎರಡನೇ ಸಲಕ್ಕ ಅರ್ಧ ನಗ್ತಾರ, ಮೂರನೇ ಸಲಕ್ಕ ಎದ್ದು ಹೋಗ್ತಾರ. ಇದು ಡಬ್ಬ್ಯಾಗ ತುಂಬಿದ ನಗು. ಆದೆಪ್ಪಾ, ಈ ಕೋಣ್ಯಾಗ ಯಾವ ಹೆಣ್ಮಕ್ಕಳೂ ಬಂದಿಲ್ಲ. ನಾ ಹೇಳ್ತೀನಿ."

ಅವರು ಹೇಳಿದರೆ ಮುಗಿಯಿತು. ಊರಲ್ಲಿ ಎಲ್ಲರನ್ನೂ ಅನುಮಾನಿಸುವವರ ಮಾತಿಗೆ ಇರುವ ಬೆಲೆ, ಎಲ್ಲರನ್ನೂ ನಂಬುವವರ ಮಾತಿಗೆ ಇರುವುದಿಲ್ಲ.

ಆದರೂ ಆದೆಪ್ಪ ಕೇಳಿದ, "ಮತ್ತ ಆ ಛತ್ರಿ ಅರ್ಥ?"

"ಇವರ ಇಬ್ಬರದೂ ಸುಳ್ಳು" ಎಂದರು ಕಸ್ತೂರೆಮ್ಮನವರು. "ಆ ಟೋಪಿಯವ ಕಳ್ಳ. ಛತ್ರಿ ಒಂದು ಕೈಯಾಗ ಕೊಡ್ತಾನ, ಇನ್ನೊಂದು ಕೈ ಎಲ್ಲೈತಿ ನೋಡ್ರಿ."

ವೆಂಕೋಬ ತಿರುವಿದ. ನಾವು ಮೂವರೂ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋದೆವು. ಟೋಪಿಯವನ ಇನ್ನೊಂದು ಕೈ ಸಕ್ಕರೆ ಡಬ್ಬಿಯೊಳಗಿತ್ತು. ಆಮೇಲೆ ಅದು ಕೋಟಿನ ಕಿಸೆಗೆ ಹೋಯಿತು. ಮುಂದಿನ ದೃಶ್ಯದಲ್ಲಿ ಅವನು ಕಿಸೆಯಿಂದ ತೆಗೆದು ಚಾಗೆ ಹಾಕಿಕೊಂಡು, ಚಮಚ ತಿರುವಿದ. ಐವತ್ತು ಮಂದಿ ಬಿದ್ದು ಬಿದ್ದು ನಕ್ಕದ್ದು ಸರಿಯಾಗಿ ಅಲ್ಲೇ. ಎಂಟು ತಿಂಗಳಲ್ಲಿ ಇಪ್ಪತ್ತು ಸಲ ನಾವು ಅಲ್ಲಿ ನಕ್ಕಿದ್ದೆವು: ಒಬ್ಬ ನೋಟೀಸಿಗೆ, ಒಬ್ಬ ಮೊಹಬ್ಬತ್ತಿಗೆ, ನಾನು ಆ ಇಬ್ಬರಿಗೆ.

"ನನಗ ಕಂಡ ಕೂಡ್ಲೇ ತಿಳೀತು" ಎಂದರು ಕಸ್ತೂರೆಮ್ಮನವರು. ನಗಲಿಲ್ಲ. "ಆಕಿ ಹುಚ್ಚಿ. ಡಬ್ಬಿಗೆ ಕೀಲಿ ಹಾಕಬೇಕಾಗಿತ್ತು, ಕೋಣಿಗೆ ಹಾಕ್ಯಾಳ. ಮುಂದಿಂದು ಹಾಕು."

ಸೋಮವಾರ ಆದೆಪ್ಪನ ಮಗಳು ತನ್ನ ಮಷೀನಿಗೆ ಬಂದು ಕೂತಳು; ಉಳಿದಿಬ್ಬರೂ ಬಂದರು. ಅವಳಿಗೆ ಫಸ್ಟ್ ಕ್ಲಾಸೂ ಬಂತು. ಕೋಣೆ ವೆಂಕೋಬನಿಗೇ ಉಳಿಯಿತು, ಎರಡು ಕರಾರಿನ ಮೇಲೆ. ರವಿವಾರ ಬಾಗಿಲು ತೆರೆದೇ ಇರಬೇಕು. ಅರ್ಥ ಯಾರೇ ಹೇಳಲಿ, ತೀರ್ಮಾನ ಕಸ್ತೂರೆಮ್ಮನವರದು.

ಆ ಮೊದಲ ಕರಾರೇ ವಿಸಿಆರನ್ನು ತಿಂದಿತು. ವೆಂಕೋಬ ಹೇಳಿದ್ದು ಸುಳ್ಳಾಗಿರಲಿಲ್ಲ. ಭತ್ತದ ಸುಗ್ಗಿ ಬಂದು ಮಿಲ್ಲು ಹಗಲಿಡೀ ತಿರುಗತೊಡಗಿದಾಗ, ತೆರೆದ ಬಾಗಿಲಿಂದ ತೌಡು ಬಂದು ಮಷೀನಿನ ಕಣ್ಣಿಗೆ ಕೂತಿತು. ಮೊದಲು ಟೋಪಿಯವನ ಮುಖ ಹೋಯಿತು, ಆಮೇಲೆ ಮೆಟ್ಟಿಲು, ಕಡೆಗೆ ಎಲ್ಲ ಬಿಳಿ ಚುಕ್ಕಿ. ಜಂಗ್ಲಿಸಾಬ ಸ್ಪಿರಿಟು ಹಚ್ಚಿ ಒರೆಸಿದ, ಊದಿದ, ಬೈದ. "ತೌಡು ಮೆತ್ತಿ ಗಟ್ಟಿ ಆಗೈತಿ ಸಾಬ್, ಹೊಸಾ ಕಣ್ಣು ಬೇಕು" ಎಂದ. ಹೊಸದು ಎಲ್ಲೂ ಸಿಗಲಿಲ್ಲ. "ಬಾಗಲ ಹಾಕ್ಕೊಂಡಿದ್ರ ಮಷೀನು ಉಳೀತಿತ್ತು" ಎಂದು ನಾನು ವೆಂಕೋಬನಿಗೆ ಅಂದೆ.

"ಕೋಣಿ ಹೋಗ್ತಿತ್ತು ಸರ್" ಎಂದ. ಅಷ್ಟೇ.

ಆದರೆ ಚಿತ್ರ ಹೋದರೂ ದನಿ ಇತ್ತು. ಬಾಡಿಗಿ ಮನಿಯ ಮಾತು, ಸ್ಟೇಷನ್ನಿನ ಗಂಟೆ, ಐವತ್ತು ಮಂದಿಯ ನಗು ಎಲ್ಲ ಬಿಳಿ ಚುಕ್ಕಿಗಳ ಹಿಂದಿನಿಂದ ಸ್ಪಷ್ಟವಾಗಿ ಬರುತ್ತಿತ್ತು. ನಾವು ರವಿವಾರ ಕೂಡುವುದು ಬಿಡಲಿಲ್ಲ. ಊರಿಗೆ ಕೇಬಲ್ಲು ಬಂದು, ವೆಂಕೋಬನ ಕೋಣೆಗೆ ಮೊದಲ ಕಂಪ್ಯೂಟರು ಬರುವ ತನಕ, ಅಂದರೆ ಸುಮಾರು ತೊಂಬತ್ತೈದರವರೆಗೆ, ಕೂತು ಬರೇ ನಗು ಕೇಳುತ್ತಿದ್ದೆವು. ಈಗ ಪುರಾಣ ಸರಿಯಾಗಿ ಪುರಾಣವೇ ಆಯಿತು. ಡಬ್ಬಿ ಓದುತ್ತಿತ್ತು, ವೆಂಕೋಬ ನಿಲ್ಲಿಸಿ ಅರ್ಥ ಹೇಳುತ್ತಿದ್ದ, ಜಂಗ್ಲಿಸಾಬ ಇಲ್ಲ ಎನ್ನುತ್ತಿದ್ದ, ಕಸ್ತೂರೆಮ್ಮನವರು ಇಬ್ಬರನ್ನೂ ಸುಮ್ಮನಾಗಿಸಿ, ಆ ಟೋಪಿಯವ ಈಗ ಎಲ್ಲಿ ಕೈ ಹಾಕುತ್ತಿದ್ದಾನೆ ಎಂದು ಕಾಣದ ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ನಾನು ಮಾತ್ರ ಮೊದಲಿನಂತೆಯೇ ಅರ್ಧ ಗಳಿಗೆ ತಡವಾಗಿ ನಗುತ್ತಿದ್ದೆ.

ಅಂಥದೊಂದು ರವಿವಾರ, ಮುಗಿದ ಮೇಲೆ ಕಸ್ತೂರೆಮ್ಮನವರು ಎದ್ದು ಬಾಗಿಲಿಗೆ ಹೋದವರು ಹಾಗೇ ನಿಂತರು. ಹೊರಗೆ ಚಪ್ಪಲಿ ಬಿಡುವ ಕಲ್ಲಿನ ಕಡೆ ನೋಡಿದರು. ಬೆರಳು ಮಡಚಿದರು. ಮತ್ತೆ ಒಳಗೆ ತಿರುಗಿ ನಮ್ಮ ಮೂವರನ್ನೂ ಎಣಿಸಿದರು.

"ಟೈಪಿನ ಮಾಸ್ತರ, ಚಪ್ಪಲಿ ನಾಕು ಜತಿ ಅದಾವ. ನೀವು ಮೂವರ ಅದೀರಿ. ಇನ್ನೊಬ್ರು ಯಾರು?"

"ಅದು ನಿಮ್ಮದ ಅಮ್ಮಾ" ಎಂದ ವೆಂಕೋಬ.

ಅವರು ಬಗ್ಗಿ ಆ ಜತೆಯನ್ನು ಕೈಗೆ ತಗೊಂಡು, ತಿರುವಿ, ಅಟ್ಟೆ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕಾಲಿಗೆ ಹಾಕಿಕೊಂಡು ಎರಡು ಹೆಜ್ಜೆ ನಡೆದು ನೋಡಿದರು.

"ಇರಬೇಕು" ಎಂದು ಹೇಳಿ ಹೋದರು.